ವಕೀಲರ ಮೋಟಾರಿಗೆ ನಾಲ್ಕು ಮಂದಿ ವೈದ್ಯರು

ಒಂದು ಒಗಟು ಹೇಳತೀನಿ, ಒಡೀರಿ. ಹೊಟ್ಟೆ ತುಂಬಿದ್ದರೂ ಹಸಿದವರ ಹಾಗೆ ನಡುದಾರಿಯಲ್ಲಿ ನಿಲ್ಲುತ್ತದೆ. ಬಾಯಿ ತೆರೆದು, ಏನೂ ತಿನ್ನಿಸದೆ ಮುಚ್ಚಿದರೆ ಎದ್ದು ಓಡುತ್ತದೆ. ಏನದು? ಬರೋದಿಲ್ಲ ಬಿಡ್ರಿ. ಸೇಡಂನಿಂದ ಶಹಾಬಾದಿನ ತನಕ ಭಾಳ ಶ್ಯಾಣ್ಯಾರಿಗೇ ಬರಲಿಲ್ಲ.

ಇಂಥವು ನಮ್ಮ ಮನೆಯಲ್ಲಿ ಆಗುತ್ತಲೇ ಇರುತ್ತವೆ. ಆದಾಗೆಲ್ಲ ಎಲ್ಲರೂ ಮೊದಲು ನನ್ನ ಮುಖ ನೋಡುವುದು ರೂಢಿ.

೧. ಚಾಚಾನ ಪ್ಲಗ್ಗು

ನಮ್ಮ ದೊಡ್ಡಪ್ಪ ಸೇಡಂನಲ್ಲಿ ವಕೀಲರು. ಶಹಾಬಾದಿನ ಸಾಹೇಬರೊಬ್ಬರು ಊರು ಬಿಡುವಾಗ ಮಾರಿದ ಹಳೆ ಮೋಟಾರನ್ನು ಮನೆಗೆ ತಂದರು. ಅದರ ಪೆಟ್ರೋಲ್ ಟಾಕಿ ಮುಂದಿನ ಗಾಜಿನ ಬುಡದಲ್ಲೇ ಇತ್ತು. ಮುಚ್ಚಳ ಗಾಜಿನ ಮುಂದೆ, ನಟ್ಟನಡುವೆ.

ಒಂದು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಚಿತ್ತಾಪುರಕ್ಕೆ ಹೊರಟಾಗ ಆರು ಮೈಲಿಗೆ ನಾಲ್ಕು ಸಲ ಕೆಮ್ಮಿ ನಿಂತಿತು.

"ಪೆಟ್ರೋಲ್ ಅದ ಏನು ನೋಡೋ," ಅಂದರು ದೊಡ್ಡಪ್ಪ.

ಡ್ರೈವರ್ ಚಾಚಾ ಮುಚ್ಚಳ ತೆಗೆದು ಜೋಳದ ದಂಟು ಅದ್ದಿ ನೋಡಿದ. "ಭರಪೂರ ಅದ ಸಾಬ್." ಮುಚ್ಚಿ, ಪ್ಲಗ್ಗು ಬಿಚ್ಚಿ ಒರೆಸಿದ. ಗಾಡಿ ಚಾಲೂ ಆಯಿತು. "ಪ್ಲಗ್ ಖರಾಬ್ ಇತ್ತು ಸಾಬ್."

ಮತ್ತೆ ಆರು ಮೈಲಿಗೆ ನಿಂತಿತು. ಮತ್ತೆ ದಂಟು, ಮತ್ತೆ ಪ್ಲಗ್ಗು. ಚಿತ್ತಾಪುರ ಮುಟ್ಟುವಷ್ಟರಲ್ಲಿ ಆ ಪ್ಲಗ್ಗುಗಳು ದೊಡ್ಡಪ್ಪನ ಉಂಗುರಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು.

೨. ವಾಡಿಯ ಫಿಟ್ಟರು

ವಾಡಿಯಲ್ಲಿ ರೈಲಿನ ಎಂಜಿನ್ ರಿಪೇರಿ ಮಾಡುವ ಫಿಟ್ಟರ ಹತ್ತಿರ ಕೇಳಿದೆವು. ಮೋಟಾರಿನಲ್ಲಿ ಕುಂತು ನಮ್ಮ ಜೊತೆ ಬಂದ. ಊರು ಬಿಟ್ಟು ಆರು ಮೈಲಿಗೆ ನಿಂತಿತು. ವಕೀಲರ ಮಾತು ನಂಬಬಾರದೆಂದು ತಾನೇ ಮುಚ್ಚಳ ತೆಗೆದು ಪೆಟ್ರೋಲ್ ನೋಡಿದ. ಆಮೇಲೆ ಎರಡು ಕೊಡ ನೀರು ತರಿಸಿ ರೇಡಿಯೇಟರಿಗೆ ಕುಡಿಸಿದ. ಎಂಜಿನ್ ಎದ್ದಿತು.

"ನೀರಡಿಕಿ ಆಗಿತ್ತುರಿ," ಅಂದ.

ಮೂರು ಮೈಲಿ ದೂರದ ಬಾವಿಯಿಂದ ಆ ಕೊಡ ಹೊತ್ತು ತಂದವ ನಾನು. ನನ್ನ ನೀರಡಿಕೆ ಯಾರೂ ಕೇಳಲಿಲ್ಲ. ಶಹಾಬಾದ್ ದಾರಿಯಲ್ಲಿ ಗಾಡಿ ಮತ್ತೆ ನಿಂತಾಗ ಫಿಟ್ಟರು ಇಳಿದು, ಧೂಳು ಜಾಡಿಸಿಕೊಂಡು, ವಾಡಿಯ ಕಡೆ ನಡೆಯತೊಡಗಿದ. "ಹಳಿ ಇಲ್ಲದ ಗಾಡಿ ನಂಬಬಾರದ್ರೀ!"

೩. ಹಕೀಮರ ನಾಡಿ

ದೊಡ್ಡಪ್ಪನ ಮೊಣಕಾಲಿಗೆ ಔಷಧ ಕೊಡುವ ಹಕೀಮರನ್ನು ಇನ್ನೊಂದು ದಿನ ಹತ್ತಿಸಿಕೊಂಡೆವು. ಗಾಡಿ ನಿಂತಿತು. ಹಕೀಮರು ಕಣ್ಣು ಮುಚ್ಚಿ ಬಾನೆಟ್ ಮೇಲೆ ಮೂರು ಬೆರಳಿಟ್ಟರು. ಪೆಟ್ರೋಲ್ ಮುಚ್ಚಳಕ್ಕೆ ಕಿವಿ ಹಚ್ಚಿ ನಿಧಾನ ತಿರುವಿದರು. ಸುಸ್ಸ್ ಅಂತ ಸಪ್ಪಳ ಬಂತು.

"ವಾಯು ಆಗ್ಯಾದ ವಕೀಲ ಸಾಬ್. ಓಮದ ನೀರು ಹಾಕ್ರಿ."

ಚಾಚಾ ನಕ್ಕು ನಕ್ಕು ಬಾಗಿಲು ಹಿಡಿದು ನಿಂತ. ಗಾಡಿ ಮಾತ್ರ ಚಾಲೂ ಆಯಿತು.

"ಮೋಟಾರಿಗೆ ಎಲ್ಲಿ ವಾಯು ಹಕೀಮ ಸಾಬ್? ಅದು ಊಟ ಮಾಡೋದಿಲ್ಲ," ಅಂದರು ದೊಡ್ಡಪ್ಪ.

"ಹಂಗಂತ ನನ್ನ ಮುಂದ ಎಲ್ಲಾ ರೋಗಿಗಳೂ ಅಂತಾರ."

೪. ಬದನೆಕಾಯಿ

ಹಿಂದೊಮ್ಮೆ ಆ ಗಾಡಿಯ ಹೊಗೆ ಕೊಳವೆಗೆ ನಾನು ಬದನೆಕಾಯಿ ತುರುಕಿದ್ದು ನಿಜ. ಅದನ್ನು ಯಾರೂ ಮರೆತಿರಲಿಲ್ಲ.

"ಈ ಸಲ ಎಲ್ಲಿ ತುರುಕೀಯೋ?" ದೊಡ್ಡಪ್ಪ ಕೇಳಿದರು.

"ನಾ ಏನೂ ಮಾಡಿಲ್ಲರಿ ದೊಡ್ಡಪ್ಪ."

"ಆವಾಗೂ ಇದೇ ಅಂದಿದ್ದಿ. ನಾಳಿ ಅಕ್ಕನ್ನ ನೋಡಲಿಕ್ಕ ಬೀಗರು ವಾಡಿ ಟೇಸನ್ನಿಗೆ ಬರತಾರ. ಅವರ ಮುಂದ ಗಾಡಿ ನಿಂತಿತೋ, ಸೋಮವಾರ ನೀ ಗುಲಬರ್ಗಾದ ಬೋರ್ಡಿಂಗ್‌ದಾಗ ಇರತಿ."

ಹುಟ್ಟಿದಾಗಿನಿಂದ ಮೊದಲ ಸಲ ನಾನು ತಪ್ಪು ಮಾಡಿರಲಿಲ್ಲ, ಅದಕ್ಕೇ ಶಿಕ್ಷೆ! ಆ ಬೋರ್ಡಿಂಗಿನಲ್ಲಿ ನಗಬೇಕಾದರೂ ಅರ್ಜಿ ಕೊಡಬೇಕಂತೆ. ಅದೂ ಉರ್ದುವಿನಲ್ಲಿ. ಉರ್ದುವಿನಲ್ಲೇ ನಾನು ಎರಡು ಸಲ ನಪಾಸು.

೫. ಹಣೆ

ಗಾಡಿ ಕೆಡಿಸುವ ಕಳ್ಳನನ್ನು ಹಿಡಿಯಲು ಮುಂಜಾನೆಯೇ ಅಂಗಳದ ಬೇವಿನ ಮರ ಹತ್ತಿ ಕುಂತೆ. ಬಂದವರು ದೊಡ್ಡವ್ವ. ಜಳಕ ಮಾಡಿ, ಕೈಯಲ್ಲಿ ಪೂಜೆ ತಟ್ಟೆ. ಗಾಡಿಯ ದೀಪಗಳಿಗೆ ಕುಂಕುಮ ಇಟ್ಟು, "ಕಣ್ಣಾದವು, ಇನ್ನ ಹಣಿ," ಅಂತ ಗೊಣಗಿ, ನೆನೆಸಿದ ವಿಭೂತಿಯನ್ನು ಮೂರು ಬೆರಳಿನಿಂದ ಪೆಟ್ರೋಲ್ ಮುಚ್ಚಳದ ಮೇಲೆ ದಪ್ಪಗೆ ಎಳೆದರು. ದಿನದ ಪೂಜೆ. ನನಗೆ ಏನೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ವಿಭೂತಿ ಇಲ್ಲದ್ದು ಕಣ್ಣಿಗೆ ಬೀಳುತ್ತದೆ, ಇದ್ದದ್ದು ಬೀಳುವುದಿಲ್ಲ.

ವಾಡಿಗೆ ಹೋಗುವಾಗ ಆರನೇ ಮೈಲಿಗೆ ಗಾಡಿ ನಿಂತಿತು. ದೊಡ್ಡಪ್ಪ ನನ್ನ ಕಡೆ ನೋಡಿದರು. ಹೇಗೂ ಬೋರ್ಡಿಂಗು ಖಾತ್ರಿ ಎಂದು ನಾನೇ ಇಳಿದು ಮುಚ್ಚಳ ತಿರುವಿದೆ. ಸುಸ್ಸ್. ಹಕೀಮರ ವಾಯು! ಮುಚ್ಚಳ ತಿರುಗಿಸಿ ನೋಡಿದರೆ, ಗಾಳಿ ಒಳಗೆ ಹೋಗಲು ಸೂಜಿಯಷ್ಟು ತೂತು; ತೂತಿನ ತುಂಬ ಒಣಗಿದ ವಿಭೂತಿ. ಗಾಳಿ ಹೋಗದಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಮುಚ್ಚಳ ತೆಗೆದರೆ ಗಾಳಿ ಹೊಕ್ಕು ಗಾಡಿ ಏಳುತ್ತಿತ್ತು; ತೆಗೆದವರಿಗೆಲ್ಲ ತಮ್ಮ ಮದ್ದೇ ತಾಗಿದಂತೆ ಕಂಡಿತ್ತು. ಅಂಗಿಯ ಗುಂಡಿ ಹೋದಲ್ಲಿ ಹಾಕಿದ್ದ ಪಿನ್ನು ತೆಗೆದು ಚುಚ್ಚಿದೆ. ವಾಡಿ ಬಂತು, ಬೀಗರು ಹತ್ತಿದರು, ಸೇಡಂ ಬಂತು. ಗಾಡಿ ಒಂದು ಸಲವೂ ಕೆಮ್ಮಲಿಲ್ಲ.

ಬೀಗರು ಒಳಗೆ ಹೋದ ಮೇಲೆ ದೊಡ್ಡಪ್ಪ ಮನೆಮಂದಿಯನ್ನೆಲ್ಲ ಕರೆದು, "ಹುಡುಗನ ತಪ್ಪಿಲ್ಲ. ತಪ್ಪು ವಿಭೂತಿದು," ಅಂದು ನನ್ನ ತಲೆ ಸವರಿದರು.

ದೊಡ್ಡವ್ವ ಸೊಂಟಕ್ಕೆ ಕೈಯಿಟ್ಟರು. "ನನ್ನ ವಿಭೂತಿಗಿ ಹೆಸರಿಡಬ್ಯಾಡ್ರಿ. ಹಣ್ಯಾಗ ತೂತು ಕೊರದಾವ ಯಾವ, ಅವನ್ನ ಕೇಳ್ರಿ!"

ಈ ಕೊನೆಯ ಮಾತುಕತೆ ಅಷ್ಟೂ ನಾನು ಕಟ್ಟಿದ್ದು. ದೊಡ್ಡವ್ವನ ಮುಂದೆ ಹಾಗೆ ಹೇಳುವ ಧೈರ್ಯ ತಹಸೀಲ ಕಚೇರಿಯಲ್ಲಿ ಗುಡುಗುವ ದೊಡ್ಡಪ್ಪನಿಗೂ ಇರಲಿಲ್ಲ. ಅವರು ಮನೆಯಲ್ಲಿ ಹೇಳಿದ್ದು ಇಷ್ಟೇ: "ಇವನೇ ತೂತಿಗಿ ಏನೋ ತುರುಕಿದ್ದ, ಒಪ್ಕೊಂಡಾನ."

ಬೋರ್ಡಿಂಗಿಗೆ ಮಾತ್ರ ಕಳಿಸಲಿಲ್ಲ. ದಿನಾ ಪೂಜೆ ಆದ ಮೇಲೆ ಪಿನ್ನು ಚುಚ್ಚಲಿಕ್ಕೆ ಒಬ್ಬರು ಬೇಕಿತ್ತು.