ಮೇಯರ್‌ಗಾಗಿ ಕಾದ ದಿನ

ಭಾನುವಾರ ಚರ್ಚಿನ ಊಟದಲ್ಲಿ ಡೆಲ್ಮರ್ ಸುಮ್ಮನೆ ತಿಂದು ಎದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ನಾಲ್ಕು ಜನಕ್ಕೆ ಕೇಳುವ ಹಾಗೆ ಬಾಯಿಬಿಟ್ಟ.

"ನಮ್ಮ ಭಾವ ಇಡೀ ಊರಿನ ಜಿಂಕೆ ಕೊಯ್ದು ಪೊಟ್ಟಣ ಕಟ್ತಾನೆ. ತಾನು ಮಾತ್ರ ಒಂದನ್ನೂ ಹೊಡೆದಿಲ್ಲ!"

ವರ್ಲಿನ್ ಟ್ಯಾಡನ್ ಮಾಂಸದಂಗಡಿಯ ಕೆಲಸಗಾರ. ಅಯೋವಾದ ಆ ಊರಲ್ಲಿ ಯಾರೇ ಜಿಂಕೆ ಹೊಡೆದರೂ ಅದು ಅವನ ಕತ್ತಿಗೇ ಬರುತ್ತಿತ್ತು. ಹೆಂಡತಿಯ ತಮ್ಮನ ಮಾತಿಗೆ ಎಲ್ಲರೂ ನಕ್ಕಾಗ ಅವನಿಗೆ ರೇಗಿಹೋಯಿತು. ಬಾಯಲ್ಲಿದ್ದ ಆಲೂಗಡ್ಡೆ ನುಂಗುವ ಮೊದಲೇ ಮಾತು ಹೊರಬಿತ್ತು.

"ಈ ಸಲ ಮೇಯರ್‌ನೇ ಹೊಡೀತೀನಿ ಕಣೋ! ಇಲ್ದಿದ್ರೆ ಅತ್ತೆ ಹೊಲದಲ್ಲಿ ಬೇಟೆಗೆ ಕೂರೋ ಜಾಗ ನಿಂಗೇ ಬಿಟ್ಕೊಡ್ತೀನಿ!"

ಮೇಯರ್ ಅಂದರೆ ಆ ಸೀಮೆಯ ದೊಡ್ಡ ಗಂಡು ಜಿಂಕೆ. ತಲೆಯ ಮೇಲೆ ಕುರ್ಚಿ ಬೋರಲು ಹಾಕಿದಷ್ಟು ಅಗಲದ ಕೊಂಬು. ಚುನಾವಣೆ ಗೆದ್ದವನಂತೆ ಊರ ಬೀದಿಯಲ್ಲೇ ಓಡಾಡಿದ್ದೂ ಉಂಟು. ಇನ್ನು ಆ ಸೋದರತ್ತೆಯ ಹೊಲವೋ, ವರ್ಲಿನ್‌ನ ಅಪ್ಪ ಸಾಯುವ ತನಕ ಬೇಟೆಗೆ ಕೂತಿದ್ದ ಜಾಗ. ಅದನ್ನೇ ಪಣಕ್ಕಿಟ್ಟು ಮನೆಗೆ ಬಂದವನು ಅಂದೇ ಕೋವಿ ಒರೆಸಲು ಕೂತ.

ಬೇಟೆ ಕಾಲದ ಕೊನೆಯ ದಿನವೂ ಬಂತು. ಕೊಯ್ಲಾದ ಜೋಳದ ಹೊಲ ರೊಟ್ಟಿಯಂತೆ ಚಪ್ಪಟೆ, ಅವಿತುಕೊಳ್ಳಲು ಒಂದು ಪೊದೆಯೂ ಇಲ್ಲ. ವರ್ಲಿನ್ ಬೆಳಗಾಗುವ ಮುಂಚೆಯೇ ಹುಲ್ಲಿನ ಬಣ್ಣದ ಬಟ್ಟೆಯ ಮರೆಗೂಡು ನಿಲ್ಲಿಸಿ, ಸುತ್ತ ಜೋಳದ ದಂಟು ಸಿಕ್ಕಿಸಿ, ಒಳಗೆ ಸ್ಟೂಲಿನ ಮೇಲೆ ಕೋವಿ ಹಿಡಿದು ಕೂತ. ಬಿಸಿಲೇರುವ ಹೊತ್ತಿಗೆ ಗಾಳಿ ಎದ್ದು ಗೂಡನ್ನೇ ಹೊತ್ತುಕೊಂಡು ಹೊರಟಿತು. ಹಗ್ಗ ಕಿತ್ತ ಕರುವಿನ ಹಿಂದೆ ಓಡುವವನಂತೆ ಅವನು ಹಿಮದಲ್ಲಿ ಬಿದ್ದೆದ್ದು ಓಡಿದ. ರಸ್ತೆಯಲ್ಲಿ ಹೋಗುತ್ತಿದ್ದ ಡೆಲ್ಮರ್ ಗಾಡಿ ನಿಲ್ಲಿಸಿ, ಉದ್ದಕ್ಕೆ ಹಾರನ್ ಬಾರಿಸಿ ಕೈಬೀಸಿದ.

ಗೂಡನ್ನು ಮತ್ತೆ ನಿಲ್ಲಿಸಿ ಉಸಿರು ಬಿಡುವಷ್ಟರಲ್ಲಿ ಹೊರಗಿನಿಂದ ಕೂಗು.

"ವರ್ಲಿನ್! ಬದುಕಿದ್ದೀಯೇನೋ?"

ಆಲ್ವಿನತ್ತೆ! ತಪ್ಪಿಯೂ ಯಾರೂ ಗುಂಡು ಹೊಡೆಯದಿರಲಿ ಎಂದು ತಲೆಯಿಂದ ಮಂಡಿಯವರೆಗೆ ಕಿತ್ತಳೆ ಬಣ್ಣ ಸುತ್ತಿಕೊಂಡು, ಸಾರಿನ ಪಾತ್ರೆ ಹಿಡಿದು ಬಂದಿದ್ದಳು.

"ಅತ್ತೆ, ಮೆಲ್ಲಗೆ ಮಾತಾಡು!"

"ಮೆಲ್ಲಗೆ ಮಾತಾಡಿದ್ರೆ ನಾನೇನಂದೆ ಅಂತ ನಂಗೇ ಕೇಳ್ಸಲ್ಲ ಕಣೋ. ಸರ್ಕೋ ಆ ಕಡೆ."

ಅತ್ತೆ ಸ್ಟೂಲು ಹಿಡಿದಳು, ಅಳಿಯ ನೆಲ ಹಿಡಿದ. ಪಾತ್ರೆಯ ಮುಚ್ಚಳ ತೆಗೆದದ್ದೇ ಗೂಡಿನ ತುಂಬ ಹಬೆ, ವರ್ಲಿನ್‌ನ ಕನ್ನಡಕದ ತುಂಬ ಮಂಜು. ಒರೆಸಿದಷ್ಟೂ ಕವಿಯುತ್ತಿತ್ತು. ಕುಡಿಯದಿದ್ದರೆ ಅತ್ತೆ ಬಿಡುವವಳಲ್ಲ. ಎರಡು ಬಟ್ಟಲು ಕುಡಿದ. ಅತ್ತೆ ತನ್ನ ಮಂಡಿನೋವಿನ ಕತೆ ಮುಗಿಸಿ, ಪಕ್ಕದ ಮನೆಯವಳ ಮಂಡಿನೋವು ಶುರುಮಾಡಿದಳು.

ಹೊತ್ತು ಇಳಿಯುತ್ತಿರುವಾಗ ಬೇಲಿಯ ಕಡೆಯಿಂದ ಒಂದು ಜಿಂಕೆ ಬಂತು. ದಷ್ಟಪುಷ್ಟ, ಆದರೆ ಕೊಂಬಿಲ್ಲ. ನೇರ ಗೂಡಿನ ಮುಂದೆ ಬಂದು, ಉದುರಿದ ಜೋಳ ಮೇಯುತ್ತ ನಿಂತುಬಿಟ್ಟಿತು.

"ಹೊಡಿಯೋ!" ಅತ್ತೆ ತಿವಿದಳು.

"ಹೆಣ್ಣು ಜಿಂಕೆ ಅತ್ತೆ. ಈಗ ಗುಂಡು ಹಾರಿಸಿದ್ರೆ ಸದ್ದಿಗೆ ಮೇಯರ್ ಈ ಕಡೆ ತಲೆಯೂ ಹಾಕಲ್ಲ."

"ಪಾಪ, ಹಣೆ ಮೇಲೆ ಏನೋ ಗಾಯ ಕಣೋ. ಎರಡು ಕಡೆ ಕೆಂಪಗಿದೆ."

"ಬೇಲಿ ತಂತಿ ಗೀರಿರುತ್ತೆ ಬಿಡು," ಎಂದ ವರ್ಲಿನ್ ಕನ್ನಡಕ ಒರೆಸುತ್ತ.

ಆ ಜಿಂಕೆ ಕದಲಲೇ ಇಲ್ಲ. ಸೂರ್ಯ ಹೊಲದಂಚಿಗೆ ಇಳಿದ. ಮೇಯರ್ ಬರುವ ದಾರಿಗೇ ಅಡ್ಡ ನಿಂತಿದ್ದ ಅದನ್ನು ಕಂಡು ವರ್ಲಿನ್‌ಗೆ ಅಳುವೇ ಬಂತು. "ದಾರಿ ಬಿಡು ತಾಯಿ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಕಿಂಡಿಯಿಂದ ಬೇಡಿಕೊಂಡ. ಕೊನೆಗೆ ಒಂದು ಹಿಮದ ಉಂಡೆ ಮಾಡಿ ಎಸೆದ. ಅದು ಬೆನ್ನಿಗೇ ತಗಲಿತು. ಜಿಂಕೆ ಅವನನ್ನೊಮ್ಮೆ ತಿರಸ್ಕಾರದಿಂದ ನೋಡಿ, ಬಾಲ ಎತ್ತಿ, ನೆಗೆಯುತ್ತ ಹೊಲ ದಾಟಿತು.

ಮಬ್ಬುಗತ್ತಲಾಯಿತು. ನಿಯಮದಂತೆ ಇನ್ನು ಗುಂಡು ಹಾರಿಸುವಂತಿಲ್ಲ. ಮೇಯರ್ ಬರಲಿಲ್ಲ, ಡೆಲ್ಮರ್ ಬಂದ. ಅವನ ಎರಡೂ ಕೈಯಲ್ಲಿ ಒಂದೊಂದು ಕೊಂಬು.

"ಭಾವಾ, ನೋಡಿಲ್ಲಿ! ನಿಮ್ಮ ಬೇಲಿ ಬುಡದಲ್ಲೇ ಬಿದ್ದಿತ್ತು. ಚಳಿಗಾಲಕ್ಕೆ ಉದುರೋದೇ ಅಲ್ವಾ, ಈ ಸಲ ಬೇಗ ಉದುರಿದೆ. ಬೇಲಿ ಹಾರಿದ ಏಟಿಗೆ ಕಳಚಿರ್ಬೇಕು. ಬುಡದಲ್ಲಿ ರಕ್ತ ಇನ್ನೂ ಹಸಿ ಇದೆ. ಮೇಯರ್ ಇಲ್ಲೇ ಎಲ್ಲೋ ಇದ್ದ! ಕಾಣ್ಲೇ ಇಲ್ವಾ?"

ವರ್ಲಿನ್ ಕೊಂಬನ್ನೂ ಅದರ ಕೆಂಪು ಬುಡವನ್ನೂ ನೋಡಿದ. ಇಡೀ ಊರಿನ ಜಿಂಕೆ ಕೊಯ್ದವನು ಅವನು. ಅವನ ಮುಖ ಹೊರಗಿನ ಹಿಮಕ್ಕಿಂತ ಬೆಳ್ಳಗಾಯಿತು. "ಇಲ್ಲಪ್ಪ, ಏನೂ ಬರ್ಲಿಲ್ಲ," ಎನ್ನಲು ಬಾಯಿ ತೆರೆದ.

"ಬರ್ಲಿಲ್ಲ ಏನ್ ಬಂತು!" ಎಂದಳು ಅತ್ತೆ, ಪಕ್ಕದೂರಿಗೂ ಕೇಳುವ ಹಾಗೆ. "ಹಣೆ ಮೇಲೆ ಎರಡು ಗಾಯ ಮಾಡ್ಕೊಂಡು ಒಂದು ಗಂಟೆ ಎದುರಿಗೇ ನಿಂತಿತ್ತು. ಇವನೇ 'ತಾಯಿ, ತಾಯಿ' ಅಂತ ಕಾಲಿಗೆ ಬಿದ್ದು, ಹೊಡೆದು ಓಡಿಸಿದ!"

ಡೆಲ್ಮರ್ ನಗಲು ಶುರುಮಾಡಿದವನು ಹಿಮದ ಮೇಲೆ ಕುಸಿದು ಕೂತ. ವರ್ಲಿನ್ ಗೂಡಿನ ಗೂಟ ಕೀಳತೊಡಗಿದ.

"ಕೀಳ್ಬೇಡ ಭಾವ," ಎಂದ ಡೆಲ್ಮರ್ ಕಣ್ಣೊರೆಸಿಕೊಳ್ಳುತ್ತ, "ಹಾಗೇ ಇರ್ಲಿ ಬಿಡು. ಮುಂದಿನ ವರ್ಷ ಇಲ್ಲಿ ಕೂರೋನು ನಾನೇ ಅಲ್ವಾ?"