ಬೆರಳ ತುದಿಯ ಬೈಗುಳ

ಇಷ್ಟಕ್ಕೆಲ್ಲ ಮೂಲ ಒಂದು ಒದ್ದೆ ಹೊದಿಕೆ. ಕಟ್ಟಡದ ಮಹಡಿಯ ಮೇಲೆ ಎರಡು ಕಂಬಗಳ ನಡುವೆ ನಮ್ಮ ಗುಮಾಸ್ತ ಬಿಗಿದಿದ್ದ ತಾಮ್ರದ ತಂತಿಯ ಮೇಲೆ ನಿವಾಸಿಗಳ ಸಂಘದ ಕಾರ್ಯದರ್ಶಿ ತಮ್ಮ ಮನೆಯ ದಪ್ಪ ಹೊದಿಕೆಯನ್ನು ಒಣಗಹಾಕಿದರು. ಆ ತಂತಿ ಇದ್ದದ್ದು ದೂರದೂರುಗಳ ರೇಡಿಯೊ ಸದ್ದು ಹಿಡಿಯುವುದಕ್ಕೆ. ನೀರು ಕುಡಿದ ಹೊದಿಕೆಯ ಭಾರವನ್ನು ಅದು ತಡೆಯಲಿಲ್ಲ, ಫಟ್ಟೆಂದು ತುಂಡಾಯಿತು. ಹೊದಿಕೆ ಮೇಲಿನಿಂದ ಹಾರಿ ನೇರ ಚರಂಡಿಗೆ ಇಳಿಯಿತು. ತಪ್ಪು ಯಾರದೆಂದು ಕೇಳಿದರೆ ತಂತಿಯದು, ಅಂದರೆ ಗುಮಾಸ್ತನದು.

"ಅದೇನ್ರೀ ಅದು ತಂತಿ? ಪರವಾನಗಿ ಇದೆಯೇನ್ರೀ ನಿಮ್ಮ ಹತ್ರ?" ಎಂದು ಕಾರ್ಯದರ್ಶಿ, ತುಂಡಾದ ತಂತಿಯನ್ನು ಗಂಟು ಹಾಕಿ ಮತ್ತೆ ಬಿಗಿದು ಇಳಿಯುತ್ತಿದ್ದವನನ್ನು ಮೆಟ್ಟಿಲ ಮೇಲೆಯೇ ಅಡ್ಡಗಟ್ಟಿದರು.

"ಪರೀಕ್ಷೆ ಇದೆ ಸಾರ್. ಪಾಸಾದ್ಮೇಲೆ ಪರವಾನಗಿ ಕೊಡ್ತಾರೆ."

"ಪರೀಕ್ಷೆ ಎರಡು ಸಲ ಆಯ್ತಂತಲ್ಲ?"

ಕಟ್ಟಡದಲ್ಲಿ ಯಾರ ಮನೆಯ ಗುಟ್ಟೂ ಎರಡನೇ ಮಹಡಿ ದಾಟದೆ ಇರುತ್ತಿರಲಿಲ್ಲ.

"ನೋಡಿ, ಪರೀಕ್ಷೆ ದಿನ ಸಂಜೆಯೊಳಗೆ ನಿಮ್ಮ ಮನೆಯಿಂದ ಪಾಸಾದ ಚೀಟಿ ಬಂದ್ರೆ ತಂತಿ ಇರತ್ತೆ. ಇಲ್ಲಾಂದ್ರೆ ಕತ್ತರಿ ತಗೊಂಡು ನಾನೇ ಬರ್ತೀನಿ."

ಆ ಪರೀಕ್ಷೆಯೇ ಇವತ್ತು ನಾಲ್ಕು ಗಂಟೆಗೆ. ಹವ್ಯಾಸಿ ರೇಡಿಯೊದವರ ಸಂಘದಲ್ಲಿ ಮೋರ್ಸ್ ಪರೀಕ್ಷೆ. ಗಿಡ್ಡ ಸದ್ದು ಚುಕ್ಕೆ, ಉದ್ದ ಸದ್ದು ಗೆರೆ. ಈ ಎರಡರಲ್ಲೇ ಲೋಕದ ಮಾತನ್ನೆಲ್ಲ ಆಡಿ ಮುಗಿಸುವ ವಿದ್ಯೆ. ಬಳಸುವುದು ಇಂಗ್ಲಿಷ್ ಅಕ್ಷರಗಳನ್ನು, ಆದರೆ ಅದರಲ್ಲಿ ಕನ್ನಡ ಬರೆಯಬಾರದೆಂದು ಯಾರೂ ಕಾನೂನು ಮಾಡಿಲ್ಲ. ಗುಮಾಸ್ತ ಒಂದು ವರ್ಷದಿಂದ ಕಲಿಯುತ್ತಿದ್ದ. ಚುಕ್ಕೆ ಗೆರೆಗಳ ದೊಡ್ಡ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ, ಗಡ್ಡ ಹೆರೆಯುವಾಗಲೂ ಸ್ನಾನ ಮಾಡುವಾಗಲೂ "ಎ ಡಿಡಾ, ಬಿ ಡಾಡಿಡಿಡಿ" ಎಂದು ಕೂಗಿ ಕೂಗಿ ಉರುಹೊಡೆದಿದ್ದ. ಪಟ್ಟಿ ಕಣ್ಣ ಮುಂದೆ ಇದ್ದರೆ ಅವನನ್ನು ಹಿಡಿಯುವವರಿರಲಿಲ್ಲ. ಸದ್ದು ಕಿವಿಗೆ ಬಿದ್ದಾಗ ಮಾತ್ರ ಚುಕ್ಕೆ ಎಷ್ಟು, ಗೆರೆ ಎಷ್ಟು ಎಂದು ಎಣಿಸತೊಡಗುತ್ತಿದ್ದ, ಅಷ್ಟರಲ್ಲಿ ಸದ್ದು ಮುಂದೆ ಓಡಿಹೋಗಿರುತ್ತಿತ್ತು.

ಬೆರಳಲ್ಲಿ ತಟ್ಟಿ ಕಳಿಸುವುದರಲ್ಲಿ ಮಾತ್ರ ಪಳಗಿದ್ದ. ಅದಕ್ಕೆ ಕಾರಣವಿತ್ತು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವನ ಕೆಲಸ. ದಿನವಿಡೀ ಬೈಸಿಕೊಳ್ಳುವುದು, ತಿರುಗಿ ಒಂದು ಮಾತೂ ಆಡದಿರುವುದು. ಮನೆಯಲ್ಲೂ ಅದೇ ಹುದ್ದೆ. ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಬೆರಳಲ್ಲಿ ಹೇಳಿ ಹಗುರಾಗುವುದನ್ನು ಅವನು ಕಂಡುಕೊಂಡಿದ್ದ. ಎದುರಿಗಿದ್ದವರ ಮುಖ ನೋಡಿಕೊಂಡೇ ಅವರನ್ನು ಕತ್ತೆ ಎನ್ನಬಹುದು, ಅವರಿಗೆ ಟಿಕ್ ಟಿಕ್ ಎಂದಷ್ಟೇ ಕೇಳಿಸುತ್ತದೆ. ಇಂಥ ಸುಖ ಯಾವ ಸಂಬಳಕ್ಕೂ ಸಿಗುವುದಿಲ್ಲ.

ಅವತ್ತು ಬೆಳಿಗ್ಗೆಯೂ ತಿಂಡಿಯ ಮೊದಲ ತುತ್ತು ಬಾಯಿಗಿಟ್ಟವನೇ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸಿದ: ಸಪ್ಪೆ. ದಿನಾ ಬೆಳಿಗ್ಗೆ ಅವನು ತಪ್ಪದೆ ತಟ್ಟುವ ಪದ ಅದು. ಹೆಂಡತಿ ಉಪ್ಪಿನ ಡಬ್ಬಿ ತಂದು ಅವನ ಮುಂದೆ ಕುಕ್ಕಿದಳು. ಆ ಮನೆಯಲ್ಲಿ ಯಾವ ಪಾತ್ರೆಯನ್ನೂ ಮೆಲ್ಲಗೆ ಇಟ್ಟದ್ದೇ ಇಲ್ಲವಾದ್ದರಿಂದ ಅವನಿಗೆ ಏನೂ ಅನ್ನಿಸಲಿಲ್ಲ.

"ಇವತ್ತಾದ್ರೂ ಪಾಸಾಗಿ ಬನ್ನಿ ಮಾರಾಯ್ರೇ. ಆ ಕಾರ್ಯದರ್ಶಿ ಮುಂದೆ ಮರ್ಯಾದೆ ಹೋಗತ್ತೆ," ಎಂದಳು.

'ನಿಮ್ಮಣ್ಣನಿಂದ ಹೋಗದೆ ಉಳಿದ ಮರ್ಯಾದೆ ಎಲ್ಲಿದೆ' ಎಂದು ಬೆರಳು ಉತ್ತರ ಕೊಟ್ಟಿತು. ಬಾಯಿ "ಹೂಂ" ಎಂದಿತು. ಹೆಂಡತಿ ನೀರಿನ ಲೋಟವನ್ನು ಮೊದಲಿಗಿಂತ ಜೋರಾಗಿ ಕುಕ್ಕಿದಳು.

ಕಚೇರಿಯಲ್ಲಿ ಮಧ್ಯಾಹ್ನದ ರಜೆಗೆ ಹಲ್ಲುನೋವು ಎಂದು ಬರೆದುಕೊಟ್ಟಿದ್ದ. ನಿಜ ಹೇಳುವಂತಿರಲಿಲ್ಲ. ಎರಡನೇ ಸಲ ಫೇಲಾದಾಗ ಮ್ಯಾನೇಜರು, "ಇನ್ನೊಂದು ಸಲ ಆಫೀಸಲ್ಲಿ ಟಿಕ್ ಟಿಕ್ ಕೇಳಿಸಿದ್ರೆ ಬೀದಿ ಬೀದಿ ಸುತ್ತಿ ಮೀಟರ್ ಓದೋ ಕೆಲಸಕ್ಕೆ ಹಾಕ್ತೀನಿ" ಎಂದು ಎಲ್ಲರೆದುರು ಗುಡುಗಿದ್ದರು. ಅದಕ್ಕೇ ಅವನು ಮೇಜಿನ ಅಡಿಯಲ್ಲಿ, ತೊಡೆಯ ಮೇಲೆ, ಸದ್ದಿಲ್ಲದೆ ತಟ್ಟುವುದನ್ನು ರೂಢಿಸಿಕೊಂಡಿದ್ದ. ಆ ಚಟ ಬಿಟ್ಟೇಹೋಯಿತೆಂದು ಕಚೇರಿಯವರೆಲ್ಲ ನಂಬಿದ್ದರು.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಒಬ್ಬ ಮುದುಕರು ಕಿಟಕಿಗೆ ಬಂದರು.

"ನಲ್ಲೀಲಿ ಗಾಳಿ ಬರತ್ತೆ ಸ್ವಾಮಿ. ನೀರಿಗೆ ಬಿಲ್ ಕಟ್ಟಿದೀನಿ, ಗಾಳಿಗಲ್ಲ."

"ನೋಡ್ತೀವಿ ಸಾರ್."

"ಹೋದ ವಾರಾನೂ ಇದೇ ಹೇಳಿದ್ರಿ."

'ಬರೋ ವಾರಾನೂ ಇದನ್ನೇ ಹೇಳ್ತೀನಿ' ಎಂದು ಅವನ ಬೆರಳು ತೊಡೆಯ ಮೇಲೆ ಕುಣಿಯಿತು. ತುಟಿಯೂ ಜೊತೆಗೂಡಿ "ಡಾಡಿಡಿಡಿ, ಡಿಡಾ" ಎಂದು ಅಲುಗಿತು. ಮುದುಕರು ಕಿಟಕಿಯೊಳಗೆ ತಲೆ ತೂರಿಸಿ ನೋಡಿದರು. ನಲ್ಲಿಯ ಗಾಳಿ ಅವರಿಗೆ ಮರೆತುಹೋಯಿತು.

"ಅಯ್ಯೋ, ನಿಮ್ಮ ಕೈ! ನನ್ನ ಷಡ್ಡಕನಿಗೂ ಹಿಂಗೇ ಆಗಿತ್ತು. ಬೆರಳಲ್ಲಿ ಶುರುವಾಯ್ತು, ತುಟಿಗೆ ಬಂತು, ಆಮೇಲೆ…" ಅವರು ಆಮೇಲೆ ಏನಾಯಿತೆಂದು ಹೇಳದೆ ಕೈಯನ್ನು ಮೇಲಕ್ಕೆ ತೋರಿಸಿದರು.

"ಏನಿಲ್ಲ ಸಾರ್, ಅಭ್ಯಾಸ."

"ಅವನೂ ಅಭ್ಯಾಸ ಅಂತಾನೇ ಅಂತಿದ್ದ!"

ಅವರ ದನಿಗೆ ಕ್ಯಾಷಿಯರ್ ಎದ್ದು ಬಂದ. ಊರಿನಲ್ಲಿ ಯಾರಿಗೆ ಸೀನು ಬಂದರೂ ಕ್ಯಾಷಿಯರ್‌ನಲ್ಲಿ ಔಷಧಿ ಇರುತ್ತಿತ್ತು. ಅವನು ಡ್ರಾಯರಿನಿಂದ ನೋವಿನ ಎಣ್ಣೆ ತೆಗೆದು, ಗುಮಾಸ್ತ ಬೇಡ ಬೇಡ ಎನ್ನುತ್ತಿದ್ದರೂ ಕೈ ಹಿಡಿದು ತಿಕ್ಕತೊಡಗಿದ. ಟೈಪಿಸ್ಟ್ ಅಕ್ಕ ಬಂದು, "ತಿಕ್ಕಬೇಡಿ, ನರ ಒಳಗೆ ಸುತ್ಕೊಂಡ್ರೆ ಕಷ್ಟ" ಎಂದು ಇನ್ನೊಂದು ಕೈ ಹಿಡಿದೆಳೆದಳು. ಎರಡೂ ಕಡೆಯ ಎಳೆದಾಟದಲ್ಲಿ ಅವನಿಗೆ ರೇಗಿಹೋಯಿತು. ರೇಗಿದಾಗ ಬಾಯಿ ಎಂದಾದರೂ ತೆರೆದದ್ದುಂಟೇ? ಬೆರಳೇ ಕ್ಯಾಷಿಯರ್‌ನ ಅಂಗೈ ಮೇಲೆ ಟಕಟಕನೆ ಕತ್ತೆ, ಕತ್ತೆ ಎಂದು ಬಡಿಯಿತು.

"ನೋಡಿ, ನೋಡಿ! ತಾನೇ ತಾನಾಗಿ ಅದುರ್ತಿದೆ!" ಎಂದು ಕ್ಯಾಷಿಯರ್ ಕಿರುಚಿದ.

ಮ್ಯಾನೇಜರು ಹೊರಬಂದರು. ರಜೆಯ ಚೀಟಿ ಅವರಿಗೆ ನೆನಪಿತ್ತು. "ಬೆಳಿಗ್ಗೆ ಹಲ್ಲುನೋವು ಅಂದಿದ್ರು. ಹಲ್ಲಿನ ನರ ಕೈಗಿಳಿದಿದೆ ಕಣ್ರೀ!" ಎಂದು ತೀರ್ಪು ಕೊಟ್ಟು, ತಮ್ಮ ಕಚೇರಿಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ತಮ್ಮ ತಲೆಗೆ ಬರುತ್ತದೆಂದು ಹೆದರಿ ಕಚೇರಿಯ ಜೀಪನ್ನೇ ಕೊಟ್ಟುಬಿಟ್ಟರು. ನಿಜ ಹೇಳಿದರೆ ನಾಳೆಯಿಂದ ಬಿಸಿಲಲ್ಲಿ ಮೀಟರು. ಗುಮಾಸ್ತ ಬಾಯಿಗೆ ಬೀಗ ಹಾಕಿಕೊಂಡು ಕ್ಯಾಷಿಯರ್ ಜೊತೆ ಜೀಪು ಹತ್ತಿದ.

ಕ್ಯಾಷಿಯರ್‌ನ ಭಾವ ಮೂಳೆ ಡಾಕ್ಟರು, ಜೀಪು ನೇರ ಅವರ ದವಾಖಾನೆಗೇ ಹೋಯಿತು. "ಕೈ ತಾನಾಗೇ ಆಡತ್ತಾ?" ಎಂದು ಕೇಳಿದರು. ಇಲ್ಲವೆಂದರೆ ಪ್ರಶ್ನೆ ಬೆಳೆಯುತ್ತದೆ, ಹೌದೆಂದರೆ ಒಂದು ಮಾತ್ರೆ ಕೊಟ್ಟು ಕಳಿಸುತ್ತಾರೆ ಎಂದು ಲೆಕ್ಕ ಹಾಕಿ ಅವನು "ಹೌದು" ಎಂದ.

ಲೆಕ್ಕ ತಪ್ಪಿತು. "ಹಾಗಾದ್ರೆ ಆಡದ ಹಾಗೆ ಮಾಡೋಣ," ಎಂದ ಡಾಕ್ಟರು ಬಲಗೈಯನ್ನು ಬೆರಳ ತುದಿಯಿಂದ ಮೊಣಕೈವರೆಗೆ ಪ್ಲಾಸ್ಟರಿನಲ್ಲಿ ಮುಳುಗಿಸಿಬಿಟ್ಟರು. ಕ್ಯಾಷಿಯರ್ ಅವನ ಭುಜ ಒತ್ತಿ ಹಿಡಿದು ಧೈರ್ಯ ಹೇಳುತ್ತಿದ್ದ. ನೋಡುನೋಡುತ್ತ ಕೈ ಕಲ್ಲಾಯಿತು.

ಆ ಹೊತ್ತಿಗೆ ಹೆಂಡತಿ ಏದುಸಿರು ಬಿಡುತ್ತ ಬಂದಳು. ಕ್ಯಾಷಿಯರ್ ಫೋನಿನಲ್ಲಿ "ಕೈ ಬಿದ್ದುಹೋಗಿದೆ" ಎಂದಿದ್ದನಂತೆ. ಗಂಡನ ಕೈ ಸ್ವಸ್ಥಾನದಲ್ಲೇ ಇರುವುದನ್ನು ಕಂಡು ಅವಳಿಗೆ ಜೀವ ಬಂತು, ಕೂಡಲೇ ಕೋಪವೂ ಬಂತು. ಅವನು ಕಣ್ಣಲ್ಲೇ ಅಂಗಲಾಚಿದ. ಕ್ಯಾಷಿಯರ್ ಜೀಪು ಹತ್ತಿ ಮರೆಯಾಗುವವರೆಗೆ ಅವಳು ತಡೆದುಕೊಂಡಳು.

"ತಟ್ಟಿದ್ದಕ್ಕೇ ತಾನೇ ಇದು?"

"ಪರೀಕ್ಷೆಗೆ ಹೊತ್ತಾಯ್ತು ಕಣೇ," ಎಂದ ಅವನು ಅಳುವ ದನಿಯಲ್ಲಿ. "ಬರೆಯೋಕೆ ಕೈಯಿಲ್ಲ. ಇನ್ನೊಂದು ಪರೀಕ್ಷೆ ಇರೋದು ನಾಲ್ಕು ತಿಂಗಳಾದ್ಮೇಲೆ. ಅಷ್ಟರಲ್ಲಿ ತಂತಿ ಕತ್ತರಿಸಿರ್ತಾರೆ."

ಅವಳು ಅವನ ಕೈಯನ್ನೂ ಮುಖವನ್ನೂ ಒಮ್ಮೆ ನೋಡಿದಳು. "ನಡೀರಿ," ಎಂದು ಬಸ್ ನಿಲ್ದಾಣದ ಕಡೆಗೆ ಹೆಜ್ಜೆ ಹಾಕಿದಳು.

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ರೇಡಿಯೊ ಸಂಘ. ಪರೀಕ್ಷಕರು ಹಡಗಿನಲ್ಲಿ ರೇಡಿಯೊ ಸಂದೇಶದ ಕೆಲಸ ಮಾಡಿ ನಿವೃತ್ತರಾದವರು, ದೊಡ್ಡ ಮೀಸೆ. ಮೂರನೇ ಸಲ ಬಂದ ಗಿರಾಕಿಯನ್ನು ಕಂಡು ನಕ್ಕರು, ಪ್ಲಾಸ್ಟರ್ ಕಂಡು ನಗು ನಿಲ್ಲಿಸಿದರು.

"ನಾನು ಕೇಳಿಸಿಕೊಂಡು ಅಕ್ಷರ ಹೇಳ್ತೀನಿ ಸಾರ್. ಇವಳು ಬರ್ಕೊಳ್ಳಲಿ."

"ಆಗಬಹುದು. ಅವರಿಗೆ ಮೋರ್ಸ್ ಬರಲ್ಲ ತಾನೇ?"

"ಇವಳಿಗಾ?" ಅವತ್ತು ಮೊದಲ ಬಾರಿಗೆ ಅವನಿಗೆ ನಗು ಬಂತು. "ಇವಳಿಗೆ ಅದರ ಗಂಧಗಾಳಿಯೂ ಇಲ್ಲ ಸಾರ್."

ಹೆಂಡತಿ ಪೆನ್ನಿನ ಮುಚ್ಚಳ ತೆಗೆದಳು.

ಮೇಜಿನ ಮೇಲಿನ ಮೋರ್ಸ್ ಡಬ್ಬ ಕೀಂ ಕೀಂ ಎನ್ನತೊಡಗಿತು. ಗುಮಾಸ್ತ ಕಣ್ಣು ಮುಚ್ಚಿ ಗೋಡೆಯ ಪಟ್ಟಿಯನ್ನು ನೆನೆದ. ಗೆರೆ, ಚುಕ್ಕೆ, ಗೆರೆ… ಮೂರನೇ ಸಾಲು… "ಕೆ!" ಎಂದ. ಅಷ್ಟರಲ್ಲಿ ಎರಡು ಪದ ಓಡಿಹೋಗಿದ್ದವು. ಮತ್ತೆ ಹಿಡಿದ. ಗೆರೆ, ಚುಕ್ಕೆ… "ಎನ್! ಅಲ್ಲ, ತಡಿ…" ಪಕ್ಕದಲ್ಲಿ ಪೆನ್ನು ಸರಸರ ಓಡುತ್ತಿತ್ತು. ಏನು ಬರೆಯುತ್ತಿದ್ದಾಳೆ ಇವಳು? ಮಾನ ಉಳಿಸಲು ಸುಮ್ಮನೆ ಗೀಚುತ್ತಿದ್ದಾಳೆಯೇ? ಮೇಜಿನ ಅಡಿಯಲ್ಲಿ ಕಾಲಿನಿಂದ ತಿವಿದ. ಅವಳು ತಿರುಗಿ ಜೋರಾಗಿ ತಿವಿದಳು. ಪೆನ್ನು ಮಾತ್ರ ನಿಲ್ಲಲಿಲ್ಲ.

ಡಬ್ಬ ಮೌನವಾಯಿತು. ಪರೀಕ್ಷಕರು ಹಾಳೆ ಎತ್ತಿಕೊಂಡು ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು.

"ಒಂದಕ್ಷರ ತಪ್ಪಿಲ್ಲ."

"ಪಾಸಾ ಸಾರ್?" ಗುಮಾಸ್ತ ಕುರ್ಚಿಯಿಂದ ಜಿಗಿದ.

"ಪಾಸೇ. ಆದ್ರೆ ನೀವಲ್ಲ. ನೀವು ಬಾಯಿಬಿಟ್ಟು ಹೇಳಿದ್ದು ಎರಡೇ ಅಕ್ಷರ, ಅದರಲ್ಲೊಂದು ತಪ್ಪು. ಇಲ್ಲಿ ಒಂದು ಪುಟ ಇದೆ." ಅವರು ಹೆಂಡತಿಯ ಕಡೆ ತಿರುಗಿದರು. "ಎಲ್ಲಿ ಕಲಿತ್ರಿ ತಾಯಿ?"

"ಕಲಿಯೋದೇನು ಬಂತು ಸಾರ್. ಒಂದು ವರ್ಷದಿಂದ ಮನೇಲಿ ಇದೇ ಸದ್ದು. ಬಚ್ಚಲಲ್ಲಿ ಅಕ್ಷರಮಾಲೆ, ತಟ್ಟೆ ಮೇಲೆ ಮಾತುಕತೆ. ಮೊದಮೊದಲು ಬರೀ ಕಿರಿಕಿರಿ ಆಗ್ತಿತ್ತು. ಆಮೇಲಾಮೇಲೆ ಅರ್ಥ ಆಗೋಕೆ ಶುರುವಾಯ್ತು. ಅರ್ಥ ಆದ್ಮೇಲೆ ಇನ್ನೂ ಕಿರಿಕಿರಿ."

ಜಿಗಿದು ನಿಂತಿದ್ದ ಗುಮಾಸ್ತ ಮತ್ತೆ ಕುರ್ಚಿಗೆ ಇಳಿದ. ಒಂದು ವರ್ಷ! ಅವಳ ಅಣ್ಣನ ಬಗ್ಗೆ, ಅವಳಮ್ಮನ ಗಂಟಲಿನ ಬಗ್ಗೆ, ಹೊಸ ಬಟ್ಟೆ ಉಟ್ಟು 'ಹೇಗಿದೆ?' ಎಂದು ಕೇಳಿದಾಗ ಬಾಯಲ್ಲಿ 'ಚೆನ್ನಾಗಿದೆ' ಎನ್ನುತ್ತ ಬಾಗಿಲ ಮೇಲೆ ಬೆರಳಲ್ಲಿ ತಟ್ಟಿದ್ದು… ಒಂದೊಂದೇ ನೆನಪಾಗತೊಡಗಿತು.

"ಇದರಲ್ಲೇ ಹುಟ್ಟಿ ಬೆಳೆದ ಕಿವಿ ಇದ್ದಂಗಿದೆ," ಎಂದು ಪರೀಕ್ಷಕರು ತಲೆದೂಗಿದರು. "ಪಟ್ಟಿ ನೋಡಿ ಕಲಿತವರು ಎಣಿಸ್ತಾ ಕೂತ್ಕೋತಾರೆ. ಕಿವೀಲಿ ಕಲಿತವರಿಗೆ ಅದು ಮಾತು. ಬನ್ನಿ, ಕಳಿಸೋದನ್ನೂ ನೋಡಿಬಿಡೋಣ. ನಮ್ಮಲ್ಲಿ ಯಾರು ಬೇಕಾದ್ರೂ ಪರೀಕ್ಷೆ ಕೊಡಬಹುದು. ಮನಸ್ಸಿಗೆ ಬಂದದ್ದು ಕಳಿಸಿ."

ಅವಳು ಡಬ್ಬದ ಪಕ್ಕದಲ್ಲಿದ್ದ, ಚುಕ್ಕೆ ಗೆರೆ ತಟ್ಟುವ ಕೀಲಿಯ ಮೇಲೆ ಬೆರಳಿಟ್ಟು ಗಂಡನ ಮುಖವನ್ನೇ ನೋಡುತ್ತ ಬಹಳ ಹೊತ್ತು ತಟ್ಟಿದಳು. ಪರೀಕ್ಷಕರ ಮೀಸೆ ಮೊದಲು ಅದುರಿತು, ಆಮೇಲೆ ಹೊಟ್ಟೆ, ಕೊನೆಗೆ ಕುರ್ಚಿಯೇ ಅದುರಿತು. ಅವರು ಕಣ್ಣೊರೆಸಿಕೊಂಡು ಗುಮಾಸ್ತನನ್ನು ಮರುಕದಿಂದ ನೋಡಿದರು.

"ಏನು ಕಳಿಸಿದ್ಲು ಸಾರ್?"

"ಅದನ್ನ ಹೇಳೋ ಹಾಗಿಲ್ಲ. ಪರೀಕ್ಷೆ ಗುಟ್ಟು," ಎಂದು ಅವರು ಪಾಸಾದ ಚೀಟಿಗೆ ಮುದ್ರೆ ಒತ್ತಿದರು.

ಸಂಜೆ ಕಾರ್ಯದರ್ಶಿ ಕತ್ತರಿ ಹಿಡಿದೇ ಬಂದಿದ್ದರು. ಹೆಂಡತಿ ಚೀಟಿ ಮುಂದೆ ಹಿಡಿದಳು. ಅವರು ಹೆಸರು ಓದಿ, ಗುಮಾಸ್ತನ ಪ್ಲಾಸ್ಟರ್ ನೋಡಿ, ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.

"ತಂತಿ ನಿಮ್ಮದು ಅಂತ ಮೊದಲೇ ಹೇಳಬಾರದಿತ್ತಾ ಅಮ್ಮಾ? ಇವರದ್ದು ಅಂದ್ಕೊಂಡಿದ್ದೆ," ಎಂದು ಹಲ್ಲುಕಿರಿದು ಹೋದರು.

ತಂತಿ ಉಳಿಯಿತು. ಆದರೆ ಗುಮಾಸ್ತ ಕೋಣೆಗೆ ಹೋಗಿ ನೋಡಿದರೆ ಅವನ ಕುರ್ಚಿಯಲ್ಲಿ ಹೆಂಡತಿ ಕೂತಿದ್ದಳು. ಅವನ ಹೆಡ್‌ಫೋನು ಅವಳ ಕಿವಿಯ ಮೇಲಿತ್ತು. ಎಲ್ಲೋ ದೂರದವರ ಮಾತು ಕೇಳಿಸಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು. ಅವನು ಇಂಗು ತಿಂದ ಮಂಗನಂತೆ ಬಾಗಿಲಲ್ಲಿ ನಿಂತ. ಒಂದು ವರ್ಷ ಕನಸು ಕಂಡ ಜಾಗ, ಅಲ್ಲಿ ತನಗೊಂದು ಸ್ಟೂಲು ಕೂಡ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಅದನ್ನು ಹೇಳಿಕೊಳ್ಳಲು ಎಡಗೈ ಬಾಗಿಲ ಚೌಕಟ್ಟಿನತ್ತ ಹೋಯಿತು. ಥಟ್ಟನೆ ನೆನಪಾಗಿ ಕೈಯನ್ನು ಜೇಬಿಗೆ ತುರುಕಿಕೊಂಡ. ಲೋಕದಲ್ಲಿ ಅವನಿಗಿದ್ದ ಒಂದೇ ಬಾಯಿಯೂ ಮುಚ್ಚಿಹೋಗಿತ್ತು.

"ಸುಮ್ನೆ ನಿಂತ್ಕೊಳ್ಳೋ ಬದಲು ಒಂದು ಲೋಟ ಕಾಫಿ ಮಾಡಿ," ಎಂದಳು ಹೆಡ್‌ಫೋನು ತೆಗೆಯದೆ.

ಅವನು ಎಡಗೈಯಲ್ಲೇ ಒದ್ದಾಡಿ, ಅರ್ಧ ಹಾಲು ಒಲೆಗೆ ಕುಡಿಸಿ, ಕಾಫಿ ಮಾಡಿ ತಂದು ಮೇಜಿನ ಮೇಲಿಟ್ಟ. ಕುಕ್ಕುವ ಧೈರ್ಯವಾಗಲಿಲ್ಲ. ಅವಳು ಒಂದು ಗುಟುಕು ಕುಡಿದಳು. ಬಾಯಲ್ಲಿ ಏನೂ ಹೇಳಲಿಲ್ಲ. ಬೆರಳು ಮಾತ್ರ ಲೋಟದ ಅಂಚಿನ ಮೇಲೆ ಮೆಲ್ಲಗೆ ಆಡಿತು.

ಗುಮಾಸ್ತ ಗೋಡೆಯ ಪಟ್ಟಿಯ ಕಡೆ ನೋಡಲಿಲ್ಲ. ಚುಕ್ಕೆ ಎಣಿಸಲಿಲ್ಲ, ಗೆರೆ ಎಣಿಸಲಿಲ್ಲ. ಒಂದು ವರ್ಷದ ಕಲಿಕೆಯಲ್ಲಿ ಮೊಟ್ಟಮೊದಲ ಬಾರಿಗೆ, ಒಂದಿಡೀ ಪದ ಅವನ ಕಿವಿಗೆ ನೇರವಾಗಿ ಅರ್ಥವಾಯಿತು.

ಸಪ್ಪೆ.

ಅವನು ಸಕ್ಕರೆ ಡಬ್ಬಿ ತರಲು ಅಡುಗೆಮನೆಗೆ ನಡೆದ.