ಟೈರಿನ ಪೇಶಿ, ಗಿರಿಜೆಯ ಕುಬಸ

ಲೋಕದಲ್ಲಿ ಹರಿದದ್ದನ್ನು ಹೊಲಿದುಕೊಳ್ಳುವವರದು ಒಂದು ಪಂಗಡ, ಹರಿದದ್ದನ್ನು ಎಸೆದು ಹೊಸದು ತರುವವರದು ಇನ್ನೊಂದು ಪಂಗಡ. ನಾನು ಮೂರನೆಯದಕ್ಕೆ ಸೇರಿದವಳು. ಈ ಇಬ್ಬರ ವಾದ ಮುಗಿಯುವ ತನಕ ಯಾವುದಾದರೂ ಮರದ ನೆರಳಿನಲ್ಲಿ ಕೂತು ಕಾಯುವವಳು. ದಣಿವು ನನಗೆ ವಯಸ್ಸಿನಿಂದ ಬಂದದ್ದಲ್ಲ; ಹುಟ್ಟಿನಿಂದಲೇ ಇದ್ದದ್ದು. ಈಗ ವಯಸ್ಸು ಅದಕ್ಕೊಂದು ಮರ್ಯಾದೆ ತಂದುಕೊಟ್ಟಿದೆ, ಅಷ್ಟೆ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದುವಾಗ ನಮ್ಮ ಮದರ್ ಸುಪೀರಿಯರ್, "ಚೈಲ್ಡ್, ಮೇಕ್ ಅಪ್ ಯುವರ್ ಮೈಂಡ್!" ಎಂದು ಹೊತ್ತಿಲ್ಲದ ಹೊತ್ತಿನಲ್ಲಿ ಗದರುತ್ತಿದ್ದರು. ನಿರ್ಧಾರ ಮಾಡಲು ಮೈಂಡ್ ಬೇಕು, ನಿಜ. ಆದರೆ ಅದಕ್ಕೂ ಮುಂಚೆ ಎದ್ದು ನಿಲ್ಲುವುದಕ್ಕೆ ತ್ರಾಣ ಬೇಕಲ್ಲ, ಅದರ ಬಗ್ಗೆ ಆ ಪುಣ್ಯಾತ್ಗಿತ್ತಿ ಎಂದೂ ವಿಚಾರಿಸಲಿಲ್ಲ.

ನನಗೆ ಗಂಟು ಬಿದ್ದವರು ವಕೀಲರು. ನಿಜಾಮರ ಕಾಲದ ಬೀದರಿನ ಅದಾಲತ್ತಿನಲ್ಲಿ ನಮ್ಮವರ ಹೆಸರು ದೊಡ್ಡದು. ಗೆದ್ದ ಮೊಕದ್ದಮೆಗಳಿಗಿಂತ ಮುಗಿಯದ ಮೊಕದ್ದಮೆಗಳಿಂದ ಬಂದ ಹೆಸರು. ಮನೆಯಲ್ಲಿಯೂ ಅದೇ ಪದ್ಧತಿ. ಬದನೆಕಾಯಿ ಮಾಡಲೋ ಹೀರೇಕಾಯಿ ಮಾಡಲೋ ಎಂದು ಕೇಳಿದರೆ, ಮೊದಲು ಬದನೆಕಾಯಿಯ ಪರ, ಆಮೇಲೆ ಹೀರೇಕಾಯಿಯ ಪರ ಬಹಸ್ ನಡೆಸಿ, ಫೈಸಲಾ ಕೊಡದೆ ಮುಂದಿನ ಪೇಶಿಗೆ, ಎಂದರೆ ಮುಂದಿನ ವಿಚಾರಣೆಗೆ, ಹಾಕುವರು. ಅಷ್ಟರಲ್ಲಿ ನಾನು ಬರೀ ಬೇಳೆ ಬೇಯಿಸಿ ಇಳಿಸಿರುತ್ತಿದ್ದೆ. ಇಂಥವರು ಬದುಕಿನಲ್ಲಿ ಒಂದೇ ಒಂದು ನಿರ್ಧಾರವನ್ನು ಒಂದೇ ಉಸಿರಿನಲ್ಲಿ ಮಾಡಿದರು. ಹೈದರಾಬಾದಿನ ಯಾರೋ ನವಾಬರ ಮಗ ಬೇಸತ್ತು ಮಾರಿದ ಹಸಿರು ಸ್ಪೋರ್ಟ್ಸ್ ಕಾರನ್ನು ಕೊಂಡು ತಂದರು. ಟೂ ಸೀಟರ್. ಬಾನೆಟ್ ಮಾರುದ್ದ, ಕೂರುವ ಜಾಗ ಗೇಣುದ್ದ. ಹಿಂದುಗಡೆ ಡಬ್ಬಿಯ ಮುಚ್ಚಳ ತೆಗೆದ ಹಾಗೆ ತೆಗೆದರೆ ಡಿಕ್ಕಿ ಸೀಟ್ ಎಂಬ ಇನ್ನೊಂದು ಕುಳಿ. ನವಾಬರ ಮಗ ಅದರಲ್ಲಿ ತನ್ನ ಬೇಟೆನಾಯಿಯನ್ನು ಕೂರಿಸುತ್ತಿದ್ದನಂತೆ. ನಾವು ನಮ್ಮ ಅತ್ತೆಯನ್ನು ಕೂರಿಸುತ್ತಿದ್ದೆವು. ನಾಯಿಯ ಸಂಗತಿ ಅತ್ತೆಗೆ ಯಾರೂ ಹೇಳಿರಲಿಲ್ಲ.

ಆ ದಿನ ನಾವು ಹೊರಟದ್ದು ಔರಾದಿಗೆ, ನನ್ನ ತಂಗಿ ಗಿರಿಜೆಯ ಕುಬಸಕ್ಕೆ. ಚೊಚ್ಚಲ ಬಸಿರು. ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರಿಂದ ಅವಳಿಗೆ ತವರು ಎಂದರೆ ನಾನೇ. ಕುಬಸದ ದಿನ ತವರಿನ ಹಸಿರು ಸೀರೆ ಉಡಿಸಿ, ತವರಿನವರು ಉಡಿ ತುಂಬಿದ ಮೇಲೆಯೇ ಊಟದ ಪಂಕ್ತಿ ಕೂರುವುದು. ಗಿರಿಜೆಯ ಗಂಡನ ದೊಡ್ಡಮ್ಮ ಚೆನ್ನವ್ವ ಎಂಬಾಕೆ, "ತವರಿಲ್ಲದ ಹುಡುಗಿ, ಯಾರ್ ಬರ್ತಾರ? ಉಡಿ ನಾವೇ ತುಂಬ್ತೇವಿ ಬಿಡ್ರಿ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ನಾವು ತಡವಾದರೆ ಗಿರಿಜೆ ಆ ಮಾತನ್ನು ಜನ್ಮವಿಡೀ ಕೇಳಬೇಕಿತ್ತು. ಇನ್ನೊಂದು ತೊಡಕೂ ಇತ್ತು. ನನಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದವಳು ಉಡಿ ತುಂಬಬಾರದೆಂಬ ತಕರಾರು ಅಲ್ಲಿ ಎದ್ದೀತೆಂದು, ಮನೆ ತುಂಬ ಮಕ್ಕಳನ್ನು ಹೆತ್ತ ಅತ್ತೆ ನಾನು ಕೇಳುವ ಮೊದಲೇ ಭಾಲ್ಕಿಯಿಂದ ಬಂದಿಳಿದಿದ್ದರು. "ನಾ ಬರ್ತೇನಿ, ನಡಿ" ಎಂದವರೇ ಡಿಕ್ಕಿಯೊಳಗೆ ಇಳಿದು, ಶೇಂಗಾ ಹೋಳಿಗೆ, ಹಸಿರು ಸೀರೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಔರಾದ ಇನ್ನೂ ಎರಡು ಹರದಾರಿ ಇದೆ ಎನ್ನುವಲ್ಲಿ ಹಿಂದಿನ ಟೈರು ದೊಡ್ಡದೊಂದು ನಿಟ್ಟುಸಿರು ಬಿಟ್ಟಿತು. ಯಾವುದೋ ಎತ್ತಿನ ಲಾಳದಿಂದ ಕಳಚಿದ ಮೊಳೆ ಚುಚ್ಚಿತ್ತು. ಎಲ್ಲರ ಕಾರಿನಲ್ಲಿ ಇರುವಂತೆ ನಮ್ಮದರಲ್ಲೂ ಒಂದು ಸ್ಟೆಪ್ನಿ ಇರಬೇಕಾಗಿತ್ತು. ಆದರೆ ಅದು ಹಿಂದೆಯೇ ಕೆಟ್ಟು, ರಿಪೇರಿಯೋ ಹೊಸದೋ ಎಂಬ ವಿಚಾರಣೆ ಮುಗಿಯದೆ ನಮ್ಮ ಪಡಸಾಲೆಯ ಗೋಡೆಗೆ ಒರಗಿ ಕೂತಿತ್ತು. ನಮ್ಮವರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಜಾಲಿ ಮರದ ಕೆಳಗೆ ಹಾಸಿ ಅದರ ಮೇಲೆ ಕೂತೆ.

"ರಿಪೇರಿ ಮಾಡಿದ್ರ ಲಗೂ ಹೋಗಬಹುದು, ಖರೆ" ಎಂದು ನಮ್ಮವರು ಟೈರಿಗೆ ಪ್ರದಕ್ಷಿಣೆ ಹಾಕುತ್ತ ಶುರುಮಾಡಿದರು. "ಆದ್ರ ಟೈರ್ ಸವದು ನುಣ್ಣಗ ಆಗ್ಯಾದ. ಮುಂದ ಹೋಗಿ ಮತ್ತ ಕೈ ಕೊಟ್ರ? ಹೊಸಾದು ಹಾಕಿದ್ರ ನಿಶ್ಚಿಂತಿ. ಬೀದರದಾಗ ಗಂಜ್ ಬಜಾರದ ಹತ್ತಿರ ಅಂಗಡಿಯಾಗ ಒಂದು ಅದ. ಆದ್ರ ಅದನ್ನ ತರೂದು ಯಾರು?"

ಅಷ್ಟರಲ್ಲಿ ಇಬ್ಬರು ಕುರಿಗಾರರು ಬಂದರು. ಕುರಿಗಳು ಕಾರನ್ನು ಸುತ್ತುವರಿದು ನಿಂತವು. ಇಬ್ಬರಲ್ಲಿ ಹಿರಿಯವನು ಕೇಳಿದ:

"ಏನಾಗ್ಯಾದ್ರಿ ಸಾಹೇಬ್ರ?"

"ಪಂಕ್ಚರ್."

"ಸತ್ತದೇನ್ರಿ?"

"ಸತ್ತಿಲ್ಲ."

"ಮತ್ತ ಯಾಕ್ರಿ ಎಲ್ಲಾರೂ ಮಾರಿ ಸಪ್ಪಗ ಮಾಡ್ಕೊಂಡು ಸುತ್ತ ಕುಂತೀರಿ?"

ಕೇಳುವವರು ಸಿಕ್ಕರೆಂದು ನಮ್ಮವರಿಗೆ ಹುರುಪು ಬಂತು. ಬಹಸ್ ಮೊದಲಿನಿಂದ ಶುರುವಾಯಿತು. ಟು ಬಿ ಫೇರ್, ಅವರು ಎರಡೂ ಪಕ್ಷದ ವಾದವನ್ನು ಬಹಳ ಚೆನ್ನಾಗಿ ಮಂಡಿಸಿದರು. ಕುರಿಗಳ ಸಮೇತ ಯಾರೂ ಅಲುಗಾಡಲಿಲ್ಲ. ಕೊನೆಗೆ ಡಿಕ್ಕಿಯೊಳಗಿಂದ ಅತ್ತೆಯ ದನಿ ಬಂತು: "ಏ ವಕೀಲ! ಬಿಸಲು ಏರ್ಲಿಕತ್ತದ. ಅಲ್ಲಿ ಆ ಚೆನ್ನವ್ವ ಉಡಿ ತಾಟು ಹಿಡ್ಕೊಂಡು ನಿಂತಿರ್ತಾಳ. ನಿನ್ನ ಗಾಲಿಗಿ ಒಂದು ತ್ಯಾಪಿ ಹಚ್ಚು, ನಡಿ."

ತಾಯಿಯ ಮಾತಿಗೆ ಅಪೀಲಿಲ್ಲ. ನಮ್ಮವರು ಟೈರನ್ನು ಸಬ್ಬಲಿನಿಂದ ಎಬ್ಬಿಸಿ, ಒಳಗಿನ ಟ್ಯೂಬ್ ಎಳೆದು, ರಬ್ಬರಿನ ತುಂಡೊಂದನ್ನು ಸೊಲ್ಯೂಷನ್ ಹಚ್ಚಿ ಅಂಟಿಸಿ, ಮೇಲೆ ಕಲ್ಲು ಹೇರಿದರು. "ಒಣಗೂತನಾ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ, ಸೋರುತ್ತದೋ ಇಲ್ಲವೋ ನೋಡಲು ನೀರು ಬೇಕೆಂದು ಹಿರಿಯ ಕುರಿಗಾರನನ್ನು ಕರೆದುಕೊಂಡು ಬಾವಿಯ ಕಡೆಗೆ ಹೋದರು.

ನಮ್ಮ ಅತ್ತೆ ಕೌದಿ ಹೊಲಿಯುವುದರಲ್ಲಿ ಭಾಲ್ಕಿಗೇ ಹೆಸರಾದವರು. ಅವರ ಕೈಗೆ ಸಿಕ್ಕ ಬಟ್ಟೆಗೆ ಸಾವಿಲ್ಲ; ಸೀರೆಯಾಗಿದ್ದದ್ದು ಕೌದಿಯಾಗಿ, ಕೌದಿಯಾಗಿದ್ದದ್ದು ಕೂಸಿನ ಹಾಸಿಗೆಯಾಗಿ ಬದುಕುತ್ತಲೇ ಇರಬೇಕು. ಅವರು ಡಿಕ್ಕಿಯಿಂದ ಇಳಿದು ಬಂದು, ಕಲ್ಲು ಸರಿಸಿ, ಉಗುರಿನಿಂದ ತೇಪೆಯ ಅಂಚನ್ನು ಎಬ್ಬಿಸಿ ನೋಡಿದರು.

"ಬರೇ ಅಂಟು ಹಚ್ಚಿದ್ದು ನಿಂದ್ರತದೇನು? ಗಂಡಸರ ಕೆಲಸಾನೇ ಹಿಂಗ. ಇದಕ್ಕ ನಾಕು ಟಾಕಿ ಹಾಕಬೇಕು. ನೀಲಾ, ನನಗ ಕಣ್ಣು ಕಾಣಂಗಿಲ್ಲ, ದಾರ ಪೋಣಿಸಿ ಕೊಡು."

ಸೊಂಟದ ಸಂಚಿಯಿಂದ ಸೂಜಿ ದಾರ ಹೊರಬಂದವು. ನಾನು ಪೋಣಿಸಿ ಕೊಟ್ಟೆ. ಕಾನ್ವೆಂಟಿನಲ್ಲಿ ನೀಡಲ್‌ವರ್ಕಿಗೆ ನನಗೆ ಫಸ್ಟ್ ಪ್ರೈಜ್ ಬಂದಿತ್ತು. ಸೂಜಿ ಕಂಡರೆ ನನ್ನ ತಲೆಯಲ್ಲಿ ಬೇರೆ ಯಾವ ವಿಚಾರಕ್ಕೂ ಜಾಗ ಉಳಿಯುವುದಿಲ್ಲ. "ಸಣ್ಣ ಸಣ್ಣ ಹಾಕ್ರಿ ಅತ್ತಿ, ಗಟ್ಟಿ ಇರ್ತದ" ಎಂದು ಸಲಹೆಯನ್ನೂ ಕೊಟ್ಟೆ. ಬಟನ್‌ಹೋಲ್ ಸ್ಟಿಚ್ ಹಾಕಿದರೆ ಅಂಚು ಏಳುವುದಿಲ್ಲವೆಂದು ತೋರಿಸಿಕೊಟ್ಟೆ. ಅತ್ತೆ ಸೊಸೆ ಅಷ್ಟು ಒಗ್ಗಟ್ಟಿನಿಂದ ಒಂದು ಕೆಲಸ ಮಾಡಿದ್ದು ಆ ಮನೆಯ ಚರಿತ್ರೆಯಲ್ಲಿಯೇ ಇಲ್ಲ. ಉಳಿದಿದ್ದ ಕುರಿಗಾರ ಬಗ್ಗಿ ನೋಡಿ, "ಭಾಳ ಛಂದ ಆಗ್ಯಾದ್ರಿ ಯವ್ವ, ರವಿಕಿ ಹೊಲದಂಗ ಅದ" ಎಂದ.

ನಮ್ಮವರು ನೀರು ತಂದರು. ನೋಡಿದರು. ಗಾಳಿ ಹೊಡೆದು, ಮೇಲೆ ನೀರು ಸುರಿದರು. ಪ್ರತಿ ಹೊಲಿಗೆಯ ತೂತಿನಿಂದಲೂ ಗುಳ್ಳೆ ಎದ್ದವು. ನಾನು ಹೇಳಿದಂತೆಯೇ ಸಣ್ಣ ಸಣ್ಣವು, ಸಾಲು ತಪ್ಪದೆ.

"ಅವ್ವಾ, ಇದರಾಗ ಗಾಳಿ ತುಂಬಬೇಕು" ಎಂದರು ನಮ್ಮವರು, ಅಳುವ ದನಿಯಲ್ಲಿ.

"ಮೊದಲೇ ಹೇಳಬೇಕಿಲ್ಲೇನು? ನಾ ಏನೋ ಭಾರದ್ದು ತುಂಬತಿ ಅಂತ ತಿಳದು ಗಟ್ಟಿ ಹಾಕಿದೆ" ಎಂದರು ಅತ್ತೆ.

"ಇನ್ನ ಹೊಸಾದು ತರೂದು ಬಿಟ್ಟು ಗತಿ ಇಲ್ಲ. ಆದ್ರ..."

ಆ 'ಆದ್ರ' ಕೇಳಿದ್ದೇ ನಾನು ಎದ್ದು ನಿಂತೆ. ಬಿಸಿಲು ನೆತ್ತಿಗೆ ಬರುತ್ತಿತ್ತು. ಜೋಳದ ದಂಟಿನ ಕಣಿಕಿ ಹೇರಿಕೊಂಡು ಒಂದು ಎತ್ತಿನ ಬಂಡಿ ಔರಾದಿನ ಕಡೆ ಹೊರಟಿತ್ತು. ಕ್ಲಾಸಿನಲ್ಲಿ ಎತ್ತುತ್ತಿದ್ದ ಹಾಗೆ ಕೈ ಎತ್ತಿದೆ. ಬಂಡಿಯವನು ನಿಲ್ಲಿಸಿ, "ಹತ್ರಿ ಯವ್ವ. ಮೋಟಾರ್ ಏನ್ ಮಾಡ್ತೀರಿ?" ಎಂದ. "ಅದರ ಪೇಶಿ ಇನ್ನೂ ನಡದದಪಾ, ಸಾಹೇಬ್ರು ನೋಡ್ಕೋತಾರ" ಎಂದೆ. ಅತ್ತೆಯನ್ನೂ ಬುಟ್ಟಿಯನ್ನೂ ಕಣಿಕಿಯ ಮೇಲೆ ಹತ್ತಿಸಿ ನಾನೂ ಹತ್ತಿದೆ. ಅತ್ತೆ ಕಾಲು ನೀಡಿಕೊಂಡು, "ಇದು ಗಾಡಿ ಅಂದ್ರ" ಎಂದರು. ನಮ್ಮವರು ಕುರಿಗಳ ನಡುವೆ ನಿಂತು, ರೈಲು ತಪ್ಪಿಸಿಕೊಂಡವರಂತೆ ನಮ್ಮನ್ನೇ ನೋಡುತ್ತಿದ್ದರು.

ನಾವು ಒಳಗೆ ಕಾಲಿಟ್ಟಾಗ ಚೆನ್ನವ್ವ ನಿಜವಾಗಿಯೂ ತಾಟು ಎತ್ತಿದ್ದಳು. ಗಿರಿಜೆ ಮಣೆಯ ಮೇಲೆ ಕೂತು, ಬಾಗಿಲು ನೋಡಿ ನೋಡಿ ಸಾಕಾಗಿ ತಲೆ ತಗ್ಗಿಸಿದ್ದಳು.

"ಬೀದರದವರು ಮೋಟಾರನ್ಯಾಗ ಬರ್ತಾರಂತ ಕೇಳಿದ್ವೆಲ್ಲ?" ಎಂದಳು ಚೆನ್ನವ್ವ, ನಮ್ಮ ಸೀರೆಗಂಟಿದ ಕಣಿಕಿಯನ್ನು ಮೇಲಿಂದ ಕೆಳಗೆ ನೋಡುತ್ತ.

"ಮೋಟಾರ್ ಹಿಂದ ಅದ. ಎತ್ತಿನ ಸರೀಗಿ ಓಡಲಿಕ್ಕ ಬರಂಗಿಲ್ಲ ಅದಕ್ಕ. ತಾಟು ಈ ಕಡಿ ಕೊಡ್ರಿ" ಎಂದು ಅತ್ತೆ ಅವಳ ಕೈಯಿಂದ ತಾಟನ್ನು ಇಸಿದುಕೊಂಡೇ ಬಿಟ್ಟರು. ಗಿರಿಜೆ ತಲೆ ಎತ್ತಿದಳು. ಅಳುತ್ತಾಳೆಂದುಕೊಂಡೆ. "ಅಕ್ಕಾ, ನಿನ್ನ ತಲಿ ತುಂಬ ಕಣಿಕಿ ಅದ, ಎತ್ತು ಬೆನ್ನು ಹತ್ಯಾವು ನೋಡು" ಎಂದು ಕಣ್ಣೊರೆಸಿಕೊಂಡು ನಕ್ಕಳು. ಹಸಿರು ಸೀರೆ ಉಡಿಸಿದೆವು. ಅತ್ತೆ ಉಡಿ ತುಂಬಿದರು. ಪಂಕ್ತಿ ಕೂತಿತು.

ನಾನು ಗಿರಿಜೆಯ ಪಕ್ಕದಲ್ಲಿ ಗೋಡೆಗೆ ಒರಗಿ, ಕಾಲು ನೀಡಿ, "ಅಯ್ಯಯ್ಯೋ, ಸೊಂಟ" ಎಂದು ನರಳಿದೆ. ಅಷ್ಟರಲ್ಲಿ ಕಣ್ಣು ಮಂಜಾದ ನೆರೆಮನೆಯ ಮುದುಕಿಯೊಬ್ಬಳು ತೆಂಗಿನಕಾಯಿ, ಅಕ್ಕಿ ಹಿಡಿದುಕೊಂಡು ತಡವಾಗಿ ಬಂದವಳು, ನರಳಾಟ ಕೇಳಿದ ಕಡೆಗೆ ನೇರವಾಗಿ ನಡೆದು ನನ್ನ ಮುಂದೆ ಕುಕ್ಕರಿಸಿದಳು. "ದಿನಾ ತುಂಬ್ಲಿಕತ್ರ ಸೊಂಟ ಹಿಂಗೇ ಹಿಡೀತದ ಮಗಳ. ಗಂಡಾಗ್ಲಿ ಹೆಣ್ಣಾಗ್ಲಿ, ಕೈತುಂಬ ಬರ್ಲಿ" ಎಂದು ಅಷ್ಟನ್ನೂ ನನ್ನ ಉಡಿಗೆ ಸುರಿದಳು.

ಚೆನ್ನವ್ವ ಬಾಯಿ ತೆರೆದಳು. ಅತ್ತೆ ಅವಳ ಕಡೆ ತಿರುಗಿ, "ಇರ್ಲಿ ಬಿಡ್ರಿ. ಉಡಿಯಾಗ ಹಾಕಿದ್ದು ಹೊಳ್ಳಿ ತಗೀಲಿಕ್ಕ ಬರಂಗಿಲ್ಲ" ಎಂದರು. ಆಮೇಲೆ ನನ್ನ ಕಡೆ ನೋಡದೆ, ಮೆಲ್ಲಗೆ, "ಗಂಟು ಕಟ್ಕೋ" ಎಂದರು. ನಾನು ಕಟ್ಟಿಕೊಂಡೆ. ಯಾಕೆ ತಿದ್ದಲಿಲ್ಲವೆಂದು ಗಿರಿಜೆ ಆಮೇಲೆ ಕೇಳಿದಳು. ದಣಿವಾಗಿತ್ತು ಎಂದೆ.

ನಮ್ಮವರು ಸಂಜೆಗೆ ಯಾರದೋ ಎತ್ತುಗಳಿಂದ ಕಾರನ್ನು ಎಳೆಸಿಕೊಂಡು, ಸ್ಟೀರಿಂಗ್ ಹಿಡಿದು ಗಂಭೀರವಾಗಿ ಕೂತು ಊರು ಹೊಕ್ಕರು. ಮುಂದೆ ಗಿರಿಜೆಗೆ ಹೆಣ್ಣು ಕೂಸು ಹುಟ್ಟಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ಮನೆಗೂ ಹೊಸದೊಂದು ಬಂತು. ಕಪ್ಪಗೆ, ಗುಂಡಗೆ, ಕಾಗದ ಸುತ್ತಿಕೊಂಡು. ಟೈರಿನ ಫೈಸಲಾ ಕೊನೆಗೂ ಆಗಿತ್ತು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಒಮ್ಮೆ ಅದನ್ನು ಎತ್ತಿ ನೋಡಿದೆ. ಬಲು ಭಾರವಿತ್ತು. ಕೆಳಗಿಟ್ಟು, ಅದರ ಮೇಲೆಯೇ ಕೂತುಕೊಂಡೆ.